ಹಾಸನ ಸೀಮೆಯ ಪೇಟೆಗಳು: ಅಳಿದ ಕಸುಬು, ಮುಚ್ಚಿದ ಅಂಗಡಿ

ಹಾಸನ ಜಿಲ್ಲೆಯ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕು ಕೇಂದ್ರಗಳು, ಅವುಗಳ ಆಸರೆಯಲ್ಲಿ ಬೆಳೆದ ಗೊರೂರು, ಕೊಣನೂರು, ರಾಮನಾಥಪುರ, ಶ್ರವಣಬೆಳಗೊಳ, ಹಿರೀಸಾವೆಯಂಥ ಊರುಗಳು ಸುಮಾರು ನೂರೈವತ್ತು ವರ್ಷಗಳಲ್ಲಿ ಕಂಡ ವ್ಯಾಪಾರ ಮತ್ತು ಕಸುಬುಗಳ ಏರಿಳಿತದ ಚರಿತ್ರೆ ಇದು. ಈ ಪೇಟೆಗಳು ಬೆಳೆದದ್ದು ದೊಡ್ಡ ಕೈಗಾರಿಕೆಯಿಂದಲ್ಲ. ಇವು ಬದುಕಿದ್ದು ಬಹುಮಟ್ಟಿಗೆ ಜನ ತಂಗುವುದರ ಮೇಲೆ. ಬಂಡಿಯವನು ಎತ್ತು ಬಿಚ್ಚಬೇಕಿತ್ತು, ಹೊಳೆ ತುಂಬಿದ್ದರೆ ಹರಿಗೋಲಿಗೆ ಕಾಯಬೇಕಿತ್ತು, ಕಚೇರಿಗೆ ಬಂದವನು ಅಮಲ್ದಾರರ ಸವಾರಿ ಮುಗಿಯುವ ತನಕ ಛತ್ರದಲ್ಲಿ ಉಳಿಯಬೇಕಿತ್ತು. ಹೀಗೆ ನಿಂತವರಿಗೆ ಬೇಕಾದದ್ದನ್ನು ಒದಗಿಸುತ್ತಲೇ ಪೇಟೆ ಬೀದಿ ಬೆಳೆಯಿತು. ಇಲ್ಲಿ ಕಣ್ಮರೆಯಾದ ಕಸುಬುಗಳನ್ನು ಒಂದೊಂದಾಗಿ ನೋಡಿದರೆ, ಕೈಚಳಕ ಕಡಿಮೆಯಾಗಿ ಅಳಿದದ್ದು ಒಂದೂ ಇಲ್ಲ. ಜನ ನಿಲ್ಲಬೇಕಾದ ಕಾರಣ ತಪ್ಪಿದಾಗ ಅಂಗಡಿಗೆ ಬೀಗ ಬಿದ್ದದ್ದೇ ಹೆಚ್ಚು.

ನೆಲೆ

ಜಿಲ್ಲೆಯ ಪಶ್ಚಿಮದ ಸಕಲೇಶಪುರ, ಆಲೂರು, ಬೇಲೂರು ಕಡೆ ಮಲೆನಾಡು: ಕಾಫಿ, ಏಲಕ್ಕಿ, ಮೆಣಸು. ಪೂರ್ವದ ಚನ್ನರಾಯಪಟ್ಟಣ ಬಯಲು ಸೀಮೆ: ರಾಗಿ, ಹುರುಳಿ, ತೆಂಗು. ಹಾಸನ ಎರಡರ ನಡುವೆ ಕೂತಿದೆ. ಹೇಮಾವತಿ ಗೊರೂರಿನ ಮೇಲೆ ಹಾದು ಹೊಳೆನರಸೀಪುರದ ಪಕ್ಕದಲ್ಲಿ ಹರಿಯುತ್ತದೆ. ಕಾವೇರಿ ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರ, ರುದ್ರಪಟ್ಟಣಗಳನ್ನು ತೊಯ್ಯಿಸಿ ಮುಂದೆ ಹೋಗುತ್ತದೆ. ಮಲೆನಾಡಿನ ಸರಕು ಬಯಲಿಗೂ ಬಯಲಿನ ದವಸ ಮಲೆನಾಡಿಗೂ ಹೋಗುವ ದಾರಿಯಲ್ಲಿ ಈ ನಾಲ್ಕು ಪೇಟೆಗಳು ಬರುತ್ತಿದ್ದವು.

ವ್ಯಾಪಾರದ ಬೇರು ಹಳೆಯದು. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು 12ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದವನು ಅರಸನಲ್ಲ, ಕುಲ್ಲಹಣ ರಾಹುತನೆಂಬ ವರ್ತಕ, ಹೆಂಡತಿ ಸಹಜಾದೇವಿಯೊಡನೆ. ಹೊಯ್ಸಳರ ಕಾಲದಲ್ಲೇ ಗುಡಿ ಕಟ್ಟಿಸುವಷ್ಟು ಹಣ ವರ್ತಕರ ಕೈಯಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಈಗ ನಾವು ಕಾಣುವ ಪೇಟೆಗಳ ರೂಪ ಪಾಳೆಯಗಾರರ ಕಾಲದ್ದು. ಅರಕಲಗೂಡನ್ನು 16ನೇ ಶತಮಾನದಲ್ಲಿ ಐಗೂರು ಮನೆತನದ ಕೃಷ್ಣಪ್ಪ ನಾಯಕ ಬೆಳೆಸಿದ. ಚನ್ನರಾಯಪಟ್ಟಣಕ್ಕೆ ಮೊದಲು ಕೊಳತೂರೆಂದು ಹೆಸರಿತ್ತು. ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಅದಕ್ಕೆ ಮಗನ ಹೆಸರಿಟ್ಟನೆಂಬುದು ಊರಿನ ಐತಿಹ್ಯ. ಕೋಟೆ, ಕೋಟೆಯ ಹೊರಗೆ ಪೇಟೆ, ಪೇಟೆಯ ಅಂಚಿಗೆ ಸಂತೆಮಾಳ, ಅದಕ್ಕಂಟಿಕೊಂಡು ಕೆರೆ: ನಾಲ್ಕೂ ಊರುಗಳ ನಕ್ಷೆ ಹೆಚ್ಚುಕಡಿಮೆ ಇದೇ.

ಬಂಡಿಯ ಕಾಲ

ರೈಲು ಬರುವ ಮೊದಲು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಸರಕು ಬಹಳಷ್ಟು ಚನ್ನರಾಯಪಟ್ಟಣ, ಹಾಸನ, ಸಕಲೇಶಪುರದ ಮೇಲೆ ಘಟ್ಟ ಇಳಿಯುತ್ತಿತ್ತು. ಹೋಗುವಾಗ ದವಸ, ಕಾಫಿ, ಏಲಕ್ಕಿ. ಬರುವಾಗ ಉಪ್ಪು, ಒಣಮೀನು, ಹಂಚು. ಎತ್ತಿನ ಬಂಡಿ ದಿನಕ್ಕೆ ಹತ್ತು ಹನ್ನೆರಡು ಮೈಲಿಗಿಂತ ಹೆಚ್ಚು ಎಳೆಯುವುದಿಲ್ಲ. ಆದ್ದರಿಂದ ಅಷ್ಟಷ್ಟು ದೂರಕ್ಕೊಂದು ತೋಪು, ಕಟ್ಟೆ, ಬಾವಿ, ಅರವಟ್ಟಿಗೆ. ಇವುಗಳ ಸುತ್ತ ಹುಲ್ಲು ಮಾರುವವರು, ಹುರುಳಿ ಬೇಯಿಸಿ ಕೊಡುವವರು, ಹಗ್ಗ ಹೊಸೆಯುವವರು, ಕೀಲೆಣ್ಣೆಯ ಅಂಗಡಿ, ಬಂಡಿಯವರಿಗೆ ಮುದ್ದೆ ಹಾಕುವ ಮನೆಗಳು ಹುಟ್ಟಿಕೊಂಡವು.

ಇವರಲ್ಲಿ ಲಾಳ ಕಟ್ಟುವವರ ಕೆಲಸ ನೋಡುವಂಥದ್ದು. ಎತ್ತಿನ ಗೊರಸು ಸೀಳಾಗಿರುವುದರಿಂದ ಒಂದು ಕಾಲಿಗೆ ಎರಡು ಲಾಳ, ಒಂದು ಎತ್ತಿಗೆ ಎಂಟು. ಎತ್ತಿನ ಕಾಲಿಗೆ ಹಗ್ಗ ಸುತ್ತಿ, ಮಗ್ಗುಲಿಗೆ ಎಳೆದು ನೆಲಕ್ಕೆ ಕೆಡವಿ, ನಾಲ್ಕು ಕಾಲನ್ನೂ ಒಟ್ಟುಗೂಡಿಸಿ ಕವೆಗೋಲಿಗೆ ಆನಿಸುತ್ತಿದ್ದರು. ಒಬ್ಬ ಕೊಂಬು ಹಿಡಿದು ಕೂರಬೇಕು. ಲಾಳ ಕಟ್ಟುವವನು ಗೊರಸನ್ನು ಬಾಚಿಯಲ್ಲಿ ಸವರಿ, ತೆಳು ಲಾಳವನ್ನು ಇಟ್ಟು, ಮೊಳೆಯನ್ನು ಓರೆಯಾಗಿ ಹೊಡೆದು ಹೊರಗೆ ಬಂದ ತುದಿಯನ್ನು ಮುರಿದು ಮಡಿಸುತ್ತಿದ್ದ. ಮೊಳೆ ಒಂದು ಎಳೆಯಷ್ಟು ಒಳಕ್ಕೆ ಹೋದರೂ ಎತ್ತು ಕುಂಟಿ, ಬಂಡಿಯವನ ವಾರದ ದುಡಿಮೆ ಹೋದಂತೆ. ಡಾಂಬರು ರಸ್ತೆ ಬಂದ ಮೇಲೆ ಲಾಳ ಬೇಗ ಸವೆದು ಈ ಕಸುಬಿಗೆ ಕೆಲ ಕಾಲ ಹೆಚ್ಚೇ ಕೆಲಸ ಸಿಕ್ಕಿತು. ಅದೇ ಡಾಂಬರಿನ ಮೇಲೆ ಲಾರಿ ಬಂದಾಗ ಎತ್ತೇ ರಸ್ತೆ ಬಿಟ್ಟಿತು.

ಗಾಲಿ ಮಾಡುವ ಬಡಗಿ ಮತ್ತು ಪಟ್ಟಾ ಹಾಕುವ ಕಮ್ಮಾರ ಜೋಡಿ ಕಸುಬಿನವರು. ಗುಂಬ, ಅರೆಕಾಲು ಎಲ್ಲ ಕೂಡಿಸಿದ ಮೇಲೆ ಕಬ್ಬಿಣದ ಪಟ್ಟಿಯನ್ನು ಸೌದೆ, ಬೆರಣಿಯ ಬೆಂಕಿಯಲ್ಲಿ ಕೆಂಪಾಗಿಸಿ, ಇಕ್ಕಳದಲ್ಲಿ ಎತ್ತಿ ತಂದು ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿಯುತ್ತಿದ್ದರು. ಕುಗ್ಗಿದ ಪಟ್ಟಿ ಮರವನ್ನು ಬಿಗಿಯುವಾಗ ಅರೆಕಾಲುಗಳು ಕಿರುಗುಟ್ಟುತ್ತಿದ್ದವು. ಆ ಸದ್ದು ಕೇಳಿಯೇ ಗಾಲಿ ಸರಿ ಕೂತಿದೆಯೋ ಇಲ್ಲವೋ ಹೇಳುವವರಿದ್ದರು. ರಬ್ಬರ್ ಟೈರಿನ ಗಾಡಿ ಬಂದಾಗ ಬಡಗಿಗೆ ಮೇಲಿನ ಹಲಗೆಯ ಕೆಲಸವಾದರೂ ಉಳಿಯಿತು, ಕಮ್ಮಾರನಿಗೆ ಅದೂ ಇಲ್ಲ. ಟ್ರ್ಯಾಕ್ಟರಿನ ಟ್ರೇಲರ್ ಬಂದ ಮೇಲೆ ಇಬ್ಬರ ಜಾಗಕ್ಕೂ ವೆಲ್ಡಿಂಗ್ ಅಂಗಡಿ ಬಂತು. ಹಲವು ಕಮ್ಮಾರರ ಮಕ್ಕಳೇ ವೆಲ್ಡಿಂಗ್ ಕಲಿತದ್ದರಿಂದ ಇದನ್ನು ಪೂರ್ತಿ ಅಳಿವೆನ್ನಲು ಬಾರದು.

ಟಪಾಲಿಗೂ ತಂಗುದಾಣಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ವ್ಯವಸ್ಥೆಯೊಡನೆ ಸೇರಿಹೋಯಿತು. ಓಡುತ್ತ ಚೀಲ ಸಾಗಿಸುವ ಹರಿಕಾರರ ಸರಪಳಿ ಕ್ರಮೇಣ ಕಡಿಯಿತು. ಅಧಿಕಾರಿಗಳಿಗೆ ಪ್ರವಾಸಿ ಬಂಗಲೆ (ಟಿ.ಬಿ.), ಅಲ್ಲಿ ಅಡುಗೆಗೆ ಮೇಟಿ. ತಾಲ್ಲೂಕು ಕೇಂದ್ರದ ಟಿ.ಬಿ. ಮೇಟಿಯ ಕೋಳಿಸಾರಿನ ಖ್ಯಾತಿ ಡೆಪ್ಯುಟಿ ಕಮಿಷನರರ ಸವಾರಿಯ ದಿನ ನಿರ್ಧರಿಸುತ್ತಿತ್ತೆಂಬ ತಮಾಷೆ ಹಳೆಯ ರೆವಿನ್ಯೂ ಇಲಾಖೆಯವರಲ್ಲಿ ಓಡಾಡುತ್ತಿತ್ತು.

ರೈಲು

ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಮೀಟರ್ ಗೇಜ್ ದಾರಿ 1910ರ ದಶಕದ ಕೊನೆಯ ಹೊತ್ತಿಗೆ ಬಂತು. ಹೊಳೆನರಸೀಪುರ ಮತ್ತು ಹಾಸನಕ್ಕೆ ಸ್ಟೇಷನ್ ಸಿಕ್ಕಿತು. ಅರಕಲಗೂಡಿಗೆ ಸಿಗಲಿಲ್ಲ, ಚನ್ನರಾಯಪಟ್ಟಣಕ್ಕೂ ಸಿಗಲಿಲ್ಲ. ಸ್ಟೇಷನ್ ಇದ್ದ ಕಡೆ ದವಸದ ಮಂಡಿ, ಗೋದಾಮು, ಹಮಾಲರ ಗುಂಪು, ಜಟಕಾ ಸ್ಟ್ಯಾಂಡ್ ಬಂದವು. ಇಲ್ಲದ ಕಡೆ ಬಂಡಿಯ ಕಸುಬು ಇನ್ನಷ್ಟು ವರ್ಷ ಉಳಿಯಿತು, ಆಮೇಲೆ ನೇರ ಬಸ್ಸು ಲಾರಿಗೆ ಜಿಗಿಯಿತು. ಹಿಂದುಳಿದ ಊರು ಹಳೆಯ ಕಸುಬನ್ನು ಹೆಚ್ಚು ದಿನ ಕಾಪಾಡಿತೆಂಬುದು ಇಲ್ಲಿನ ಒಂದು ವಿಚಿತ್ರ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡಿದವು. ಬಸ್ಸಿನ ಹಿಂದೆ ಒಲೆ, ಅದನ್ನು ಹೊರಡುವ ಮೊದಲು ತಿರುಗಿಸಿ ತಿರುಗಿಸಿ ಹತ್ತಿಸುವ ಕ್ಲೀನರ್, ಊರೂರಿಗೆ ಇದ್ದಿಲ ಡಿಪೊ. ಇಷ್ಟೊಂದು ನಿಲುಗಡೆ ಇದ್ದ ಬಸ್ಸು ಹೋಟೆಲುಗಳಿಗೆ ವರವಾಯಿತು. 1948ರಲ್ಲಿ ಮೈಸೂರು ಸರ್ಕಾರ ಸಾರಿಗೆ ಇಲಾಖೆ ತೆರೆಯಿತು. ಖಾಸಗಿ ಬಸ್ಸಿನ ಮಾಲೀಕರು, ಬುಕ್ಕಿಂಗ್ ಏಜೆಂಟರು ಒಂದೊಂದೇ ಮಾರ್ಗ ಬಿಟ್ಟುಕೊಡುತ್ತ ಬಂದರು.

ಹಾಸನ–ಮಂಗಳೂರು ರೈಲು 1979ರಲ್ಲಿ ಪೂರ್ತಿಯಾದದ್ದು ದೊಡ್ಡ ಸುದ್ದಿ. ಆದರೆ ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಘಟ್ಟದ ದಾರಿ ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಜನ ಹತ್ತುವ ಗಾಡಿ 2007ರ ಡಿಸೆಂಬರಿನಲ್ಲಿ. ಈ ನಡುವಿನ ಹತ್ತು ಹನ್ನೊಂದು ವರ್ಷದಲ್ಲಿ ಸರಕೆಲ್ಲ ಶಿರಾಡಿ ಘಾಟಿಯ ಲಾರಿಗೆ ಹೋಯಿತು, ಹೋದದ್ದು ಅಷ್ಟಾಗಿ ಹಿಂತಿರುಗಲಿಲ್ಲ. ಸ್ಟೇಷನ್ ಬೀದಿಯ ಚಿಕ್ಕ ವರ್ತಕನಿಗೆ ಗೇಜ್ ಪರಿವರ್ತನೆ ಎಂದರೆ ಹನ್ನೊಂದು ವರ್ಷದ ರಜೆ.

ಪಾತ್ರೆ, ಎಣ್ಣೆ, ಗಂಧ

ಶ್ರವಣಬೆಳಗೊಳದ ಹಿತ್ತಾಳೆ ಪಾತ್ರೆಗೆ ಹಿಂದೆ ಸುತ್ತಲ ಸೀಮೆಯಲ್ಲಿ ಹೆಸರಿತ್ತು. ಅಲ್ಲಿನ ಜೈನ ವರ್ತಕರು ಹಿತ್ತಾಳೆ, ತಾಮ್ರದ ವ್ಯಾಪಾರ ನಡೆಸುತ್ತಿದ್ದರು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕಕ್ಕೆ ದೇಶದ ಎಲ್ಲೆಡೆಯಿಂದ ಬಂದವರು ಕೊಡವೋ ತಂಬಿಗೆಯೋ ಕೊಳ್ಳದೆ ಹೋಗುವುದು ಅಪರೂಪವಾಗಿತ್ತು. ಹಿತ್ತಾಳೆ ಇರುವ ಕಡೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ಹುಳಿ ಕಿಲುಬಿ ಹೋಗುತ್ತದೆ. ಕಲಾಯಿಯವರು ಊರಿನ ಅರಳಿಕಟ್ಟೆಯ ಬಳಿ ಗುಂಡಿ ತೋಡಿ, ತಿದಿ ಹೂತು, ಇದ್ದಿಲು ಹಾಕಿ ಕೂರುತ್ತಿದ್ದರು. ಪಾತ್ರೆ ಕಾದಾಗ ನವಸಾಗರದ ಪುಡಿ ಉದುರಿಸಿದರೆ ಮೂಗು ಕಟ್ಟುವ ಬಿಳಿ ಹೊಗೆ. ಅದರ ಹಿಂದೆಯೇ ತವರದ ಕಡ್ಡಿ ಮುಟ್ಟಿಸಿ ಹತ್ತಿಯ ಉಂಡೆಯಲ್ಲಿ ಸುತ್ತಲೂ ಉಜ್ಜಿ, ಹೊಳೆಯುವ ಪಾತ್ರೆಯನ್ನು ನೀರಿಗೆ ಅದ್ದುವುದು. ಹಬ್ಬಕ್ಕೆ ಮುಂಚೆ ಬೀದಿಗೆ ಬೀದಿಯೇ ಪಾತ್ರೆ ಹೊತ್ತು ಬರುತ್ತಿತ್ತು. ಮೊದಲು ಅಲ್ಯುಮಿನಿಯಂ, ಆಮೇಲೆ ಸ್ಟೀಲು ಬಂದು ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿಸಿ ಹೊಸ ಡಬ್ಬ ಕೊಳ್ಳುವ ಚಟ ಹರಡಿದಾಗ ಕಂಚುಗಾರರಿಗೂ ಕಲಾಯಿಯವರಿಗೂ ಒಟ್ಟಿಗೇ ಕೆಲಸ ಹೋಯಿತು.

ಗಾಣದ ಕತೆ ಇನ್ನೂ ಸಾಮಾನ್ಯ. ಹುಚ್ಚೆಳ್ಳು, ಹರಳು, ಹೊಂಗೆ, ತೆಂಗು ಎಲ್ಲಕ್ಕೂ ಗಾಣಿಗರ ಎತ್ತಿನ ಗಾಣ ಆಧಾರ. ಮೊದಲು ಎಕ್ಸ್‌ಪೆಲ್ಲರ್ ಗಿರಣಿ, ಆಮೇಲೆ ರೇಷನ್ ಅಂಗಡಿಯ ಪಾಮೋಲಿನ್, ಕೊನೆಗೆ ಪ್ಯಾಕೆಟ್ ಎಣ್ಣೆ ಬಂತು. ಹುಚ್ಚೆಳ್ಳನ್ನು ರಾಗಿಯ ಅಕ್ಕಡಿಯಲ್ಲಿ ಬೆಳೆಯುವ ಅಭ್ಯಾಸವೇ ತಗ್ಗಿತು. ಹೊಂಗೆ ಮಾತ್ರ ಬೇರೆ ದಾರಿಯಲ್ಲಿ ಸ್ವಲ್ಪ ಮರಳಿದೆ: ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹಾಸನದ ಮಡೆನೂರಿನಲ್ಲಿ 2007ರಲ್ಲಿ ಜೈವಿಕ ಇಂಧನ ಉದ್ಯಾನ ತೆರೆದು ಹೊಂಗೆ, ಬೇವು, ಹಿಪ್ಪೆಯ ಬೀಜಗಳಿಂದ ಜೈವಿಕ ಡೀಸೆಲ್ ತೆಗೆಯುವ ಕೆಲಸ ಹಿಡಿಯಿತು.

ಹಾಸನ ಪಟ್ಟಣದ ಗಂಧದ ಕೋಠಿ ಈಗ ಸರ್ಕಾರಿ ಕಾಲೇಜುಗಳಿರುವ ಜಾಗ. ಗಂಧದ ಮರ ಟಿಪ್ಪುವಿನ ಕಾಲದಿಂದ ಅರಮನೆಯ ಸ್ವತ್ತು. ರೈತನ ಹೊಲದಲ್ಲೇ ಹುಟ್ಟಿದರೂ ಅವನದಾಗಿರಲಿಲ್ಲ. ಕಡಿದ ಮರವನ್ನು ಕೋಠಿಗೆ ಸಾಗಿಸಿ, ಹೊರಗಿನ ಬಿಳಿ ಮರವನ್ನು ಹೆತ್ತಿ, ಒಳಚೇಗನ್ನು ದರ್ಜೆಗೆ ಬೇರ್ಪಡಿಸಿ ಹರಾಜು ಹಾಕುತ್ತಿದ್ದರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆದ ಮೇಲೆ ಸರಕು ಅತ್ತ ಹೋಗತೊಡಗಿತು. ಸ್ಪೈಕ್ ರೋಗ ಒಂದು ಕಡೆ, ಕಳ್ಳಸಾಗಣೆ ಇನ್ನೊಂದು ಕಡೆ ಮರಗಳನ್ನು ಮುಗಿಸಿದವು. ಬದುವಿನಲ್ಲಿ ಗಂಧದ ಸಸಿ ಕಂಡರೆ ಪೊಲೀಸ್ ರಗಳೆ ಬೇಡವೆಂದು ರೈತರು ಕಿತ್ತೆಸೆಯುತ್ತಿದ್ದುದೂ ಉಂಟು. 2001ರ ಕಾನೂನು ತಿದ್ದುಪಡಿ ಬೆಳೆದವನಿಗೇ ಮರದ ಹಕ್ಕು ಕೊಟ್ಟಿತು, ಆದರೆ ಆ ಹೊತ್ತಿಗೆ ಕೋಠಿಯ ಕಸುಬುದಾರರು ಯಾರೂ ಉಳಿದಿರಲಿಲ್ಲ.

ಸರ್ಕಾರವೇ ತೆರೆದು ಸರ್ಕಾರವೇ ಮುಚ್ಚಿದ ಉದ್ಯಮಕ್ಕೆ ಹಾಸನದಲ್ಲಿ ಉದಾಹರಣೆ ಮೈಸೂರು ಇಂಪ್ಲಿಮೆಂಟ್ಸ್ ಫ್ಯಾಕ್ಟರಿ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ದಿನಗಳ ಕೈಗಾರಿಕಾ ಉತ್ಸಾಹದ ಕೂಸು ಅದು. ಗುದ್ದಲಿ, ಪಿಕಾಸಿ, ಹಾರೆಯಂಥ ಸಾಮಾನು ಅಚ್ಚುಕಟ್ಟಾಗಿ ತಯಾರಾಗುತ್ತಿತ್ತು. ಊರ ಕಮ್ಮಾರನ ಕುಲುಮೆಗೆ ಮೊದಲ ಪೆಟ್ಟು ಕೊಟ್ಟದ್ದು ಇದೇ ಎಂಬುದನ್ನು ಮರೆಯಬಾರದು. ಮುಂದೆ ಇದು ಕರ್ನಾಟಕ ಇಂಪ್ಲಿಮೆಂಟ್ಸ್ ಅಂಡ್ ಮೆಷಿನರೀಸ್ ಕಂಪನಿಯ ಭಾಗವಾಗಿ, ನಷ್ಟದಲ್ಲಿ ನರಳಿ ಮುಚ್ಚಿತು.

ಸಂತೆ ಮತ್ತು ಜಾತ್ರೆ

ಹಾಸನದ ಸಂತೆ ಮಂಗಳವಾರ. ಹಿಂದೆ ಸಂತೆ ಒಂದೇ ದಿನದ್ದಾಗಿರಲಿಲ್ಲ: ದೂರದವರು ಹಿಂದಿನ ಸಂಜೆಯೇ ಬಂದು ಸಂತೆಮಾಳದಲ್ಲಿ ಮಲಗುತ್ತಿದ್ದರು. ಆ ರಾತ್ರಿಯ ಊಟ, ಎಲೆಅಡಿಕೆ, ಬೀಡಿ, ಕಳ್ಳು, ಬಯಲಾಟ ಎಲ್ಲವೂ ವ್ಯಾಪಾರವೇ. ಅಳತೆ ಕೊಳಗ, ಸೇರು, ಪಾವಿನಲ್ಲಿ ನಡೆಯುತ್ತಿತ್ತು. ರಾಶಿಯ ಮುಂದೆ ಕೂತು 'ಲಾಭ' ಎಂದು ಮೊದಲ ಕೊಳಗ ಸುರಿದು ಎಣಿಸುವ ಅಳತೆಗಾರನಿಗೆ ಒಂದು ಹಿಡಿ ಕೂಲಿ. 1960ರ ದಶಕದ ಆರಂಭದಲ್ಲಿ ಮೆಟ್ರಿಕ್ ಪದ್ಧತಿ ಕಡ್ಡಾಯವಾಗಿ ತಕ್ಕಡಿ ಗೆದ್ದಿತು, ಅಳತೆಗಾರ ಸೋತ. ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣಗಳು ಬಂದ ಮೇಲೆ ದವಸದ ಸಗಟು ವ್ಯಾಪಾರ ಸಂತೆಯಿಂದ ಹೊರಬಿತ್ತು. ಈಗ ಉಳಿದಿರುವುದು ತರಕಾರಿ, ಬಟ್ಟೆ, ಪ್ಲಾಸ್ಟಿಕ್ಕು.

ಪ್ಲೇಗಿನ ವರ್ಷಗಳಲ್ಲಿ ಸಂತೆಯೇ ನಿಲ್ಲುತ್ತಿತ್ತು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿಯಲ್ಲಿ ಆ ಕಾಲದ ಹಳ್ಳಿಯ ಬದುಕು ಯಾವ ಗೆಜೆಟಿಯರಿಗಿಂತಲೂ ನಿಖರವಾಗಿ ಸಿಗುತ್ತದೆ.

ದನಗಳ ಜಾತ್ರೆಗಳು ಸಂತೆಗಿಂತ ಗಟ್ಟಿಯಾಗಿ ಉಳಿದಿವೆ. ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ರಂಗನಾಥಸ್ವಾಮಿ ಜಾತ್ರೆಗೆ ಹಳ್ಳಿಕಾರ್ ಹೋರಿಗಳು ಈಗಲೂ ಬರುತ್ತವೆ. ರಾಮನಾಥಪುರದ ಸುಬ್ರಹ್ಮಣ್ಯ ಜಾತ್ರೆಯಲ್ಲೂ ದನ ಕಟ್ಟುವ ಪದ್ಧತಿ ಇದೆ. ದರ ಹೇಳುವಾಗ ದಲ್ಲಾಳಿ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಮಾತಾಡುವ ರೀತಿ ಮಾತ್ರ ಹಳಬರ ಕೈಯಲ್ಲಿ ಉಳಿದಿದೆ. ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ಹೋರಿ ಸಾಕುವುದು ಬಹಳಷ್ಟು ಮನೆಗಳಿಗೆ ಗತ್ತಿನ ವಿಷಯ.

ಮುಳುಗಿದ ಊರು, ಖಾಲಿಯಾದ ಅಗ್ರಹಾರ

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಕಾಲುವೆಯ ನೀರು ಹೊಳೆನರಸೀಪುರ, ಚನ್ನರಾಯಪಟ್ಟಣ ದಾಟಿ ತುಮಕೂರು, ಮಂಡ್ಯದ ಕಡೆಗೂ ಹೋಯಿತು. ಕಬ್ಬು ಹೆಚ್ಚಿತು, ಚನ್ನರಾಯಪಟ್ಟಣದ ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು, ಆಲೆಮನೆಗಳು ಬೆಲ್ಲದ ಹೊಗೆ ಎಬ್ಬಿಸಿದವು. ಅಣೆಕಟ್ಟೆಯ ಹಿಂದೆ ಹಲವು ಹಳ್ಳಿಗಳು ನೀರಿಗೆ ಹೋದವು. ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ಎಲ್ಲರೂ ಬಲ್ಲರು: 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗೋಡೆ, ಕಮಾನುಗಳು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಬಯಲಾಗುತ್ತವೆ. ಪ್ರವಾಸಿಗಳು ಫೋಟೊ ತೆಗೆಯುವುದು ಚರ್ಚನ್ನು. ಅದರ ಸುತ್ತ ಉಳುತ್ತಿದ್ದ ಕ್ರೈಸ್ತ ಒಕ್ಕಲು ಕುಟುಂಬಗಳು, ಅವರ ಜೊತೆಗೆ ಇದ್ದ ಅಂಗಡಿ, ಕಣ, ಬಾವಿ ಯಾವ ಫೋಟೊದಲ್ಲೂ ಇಲ್ಲ. ಪರಿಹಾರ ಭೂಮಿಯ ಕಡತಗಳು ಇಂದಿಗೂ ಹಾಸನದ ಕಚೇರಿಗಳಲ್ಲಿ ಜಗಳದ ವಸ್ತು.

ಹೊಳೆಯ ಈ ದಂಡೆಯ ಹಳೆಯ ಬದುಕನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಮುಂತಾದ ಪುಸ್ತಕಗಳಲ್ಲಿ ಬರೆದಿಟ್ಟರು. ಅವರ ಪುಸ್ತಕಗಳನ್ನು ಬರೀ ನಗೆಬರಹವೆಂದು ಓದುವವರಿದ್ದಾರೆ. ಊರಿನ ಕಸುಬುದಾರರ ನಡೆನುಡಿಗೆ ಅವರಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬರಿಲ್ಲ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಮುಳುಗಲಿಲ್ಲ, ಖಾಲಿಯಾಯಿತು. ಕಾವೇರಿ ದಂಡೆಯ ಈ ಸಂಕೇತಿ ಬ್ರಾಹ್ಮಣರ ಊರು ಕರ್ನಾಟಕ ಸಂಗೀತಕ್ಕೆ ಆರ್.ಕೆ. ಶ್ರೀಕಂಠನ್ (1920–2014), ರುದ್ರಪಟ್ಟಣಂ ಸಹೋದರರು ಎಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ ಮೊದಲಾದವರನ್ನು ಕೊಟ್ಟಿತು. ಇಷ್ಟು ಚಿಕ್ಕ ಊರಲ್ಲಿ ಇಷ್ಟು ಗಾಯಕರು ಹೇಗೆ ಎಂದರೆ, ಇನಾಂ ಭೂಮಿಯ ಆದಾಯ ಕೊಟ್ಟ ಬಿಡುವು ಒಂದು ಕಾರಣ. 1950ರ ದಶಕದ ಇನಾಂ ರದ್ದತಿ, 1974ರ ಭೂಸುಧಾರಣೆ ಆ ಆದಾಯವನ್ನು ಉಳುವವನಿಗೆ ಕೊಟ್ಟವು. ಅದು ನ್ಯಾಯವೇ. ಕಲಿತವರು ಅದಕ್ಕೂ ಮೊದಲೇ ಮೈಸೂರು, ಬೆಂಗಳೂರಿನ ಆಕಾಶವಾಣಿ, ಬ್ಯಾಂಕು, ಶಾಲೆಗಳ ಕಡೆ ಹೊರಟಿದ್ದರು. ಅಗ್ರಹಾರವನ್ನು ನಂಬಿದ್ದ ಪಂಚೆ ನೇಯುವವರು, ಬಾಳೆಹಣ್ಣಿನವರು, ಅಡುಗೆಯವರು ಸದ್ದಿಲ್ಲದೆ ಬೇರೆ ದಾರಿ ಹಿಡಿದರು. ಪದ್ಮನಾಭ ಅವರು ಊರಲ್ಲಿ ಸಪ್ತಸ್ವರ ದೇವತಾ ಮಂದಿರ ಕಟ್ಟಿಸಿದ್ದರಿಂದ ವರ್ಷಕ್ಕೊಮ್ಮೆ ಸಂಗೀತೋತ್ಸವದ ದಿನಗಳಲ್ಲಿ ಬೀದಿ ತುಂಬುತ್ತದೆ.

ಕಾಫಿ, ಆಲೂಗಡ್ಡೆ, ಹೊಗೆಸೊಪ್ಪು

ಹಾಸನದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಬೆಳವಣಿಗೆಗೆ ಕಾಫಿ ಬೋರ್ಡಿನ ಪೂಲ್ ಪದ್ಧತಿ ಒತ್ತಾಸೆ. 1940ರ ದಶಕದಿಂದ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಪೂಲಿಗೇ ಒಪ್ಪಿಸಬೇಕಿತ್ತು. ಒಪ್ಪಿಸುವ ಜಾಗ ಕ್ಯೂರಿಂಗ್ ವರ್ಕ್ಸ್. ಅಲ್ಲಿ ಸಾಲಾಗಿ ಕೂತು ಕರಿಕಾಳು, ಒಡಕು ಆರಿಸುವ ಹೆಂಗಸರು ಋತುವಿನ ಕೂಲಿಯ ಮೇಲೆ ಮನೆ ನಡೆಸುತ್ತಿದ್ದರು. 1990ರ ದಶಕದ ಆರಂಭದಲ್ಲಿ ಪೂಲ್ ಸಡಿಲವಾಗುತ್ತ 1996ರ ಹೊತ್ತಿಗೆ ಇಲ್ಲವಾಯಿತು. ಬೆಳೆಗಾರ ಗೇಟಿನಲ್ಲೇ ಮಾರತೊಡಗಿದ, ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರ ಬಂತು. ಕ್ಯೂರಿಂಗ್ ಉಳಿದಿದೆ, ಆ ಸಾಲು ಉಳಿದಿಲ್ಲ.

ಆಲೂಗಡ್ಡೆ ಹಾಸನದ ಹೆಮ್ಮೆಯ ಬೆಳೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರಿನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಹಾಸನದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಇಳಿಯುತ್ತಿತ್ತು. ಮುಂಗಾರಿನ ಮಳೆಗೆ ನೆಟ್ಟು ಮೂರು ತಿಂಗಳಲ್ಲಿ ಕಿತ್ತರೆ ಕೈಗೆ ಕಾಸು. ಸಾಲ ಕೊಡುವವನೇ ಬಿತ್ತನೆ ಕೊಟ್ಟು, ಅವನೇ ಬೆಳೆ ಕೊಳ್ಳುವ ಮಂಡಿಯವನು. ಈ ಸರಪಳಿಗೆ ಅಂಗಮಾರಿ ರೋಗ ಬಿತ್ತು. ಮೋಡ ಮುಚ್ಚಿದ ಮೂರು ನಾಲ್ಕು ದಿನದಲ್ಲಿ ಹಸಿರು ಹೊಲ ಕರಿದ ಸೊಪ್ಪಿನಂತಾಗುವುದನ್ನು ಕಂಡವರು ಇನ್ನೊಮ್ಮೆ ಹಾಕಲು ಹಿಂಜರಿಯುತ್ತಾರೆ. ಈ ಶತಮಾನದ ಮೊದಲ ದಶಕದ ನಂತರ ಹೊಲಗಳು ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿದವು. ಮೇ ತಿಂಗಳ ಜಾತ್ರೆಯಂಥ ಆ ಗಿಜಿಗಿಜಿ ಈಗ ತಗ್ಗಿದೆ.

ಅರಕಲಗೂಡಿನ ರೈತನಿಗೆ ನಂಬಿಕೆಯ ನಗದು ಹೊಗೆಸೊಪ್ಪು. ವರ್ಜೀನಿಯಾ ತಳಿಯ ಸೊಪ್ಪನ್ನು ಬ್ಯಾರನ್ನಿನಲ್ಲಿ ಸೌದೆ ಉರಿಸಿ ಹದ ಮಾಡಬೇಕು. ರಾತ್ರಿಯೆಲ್ಲ ಉಷ್ಣಮಾಪಕ ನೋಡುತ್ತ ಎಚ್ಚರ. ಮೊದಲು ಸೊಪ್ಪು ಕಂಪನಿಯ ಏಜೆಂಟ್, ದಲ್ಲಾಳಿಗಳ ಕೈಗೆ ಹೋಗುತ್ತಿತ್ತು. 1984ರಿಂದ ತಂಬಾಕು ಮಂಡಳಿ ಹರಾಜು ಶುರು ಮಾಡಿ, ರಾಮನಾಥಪುರದಲ್ಲೂ ಹರಾಜು ಮಾರುಕಟ್ಟೆ ಬಂತು. ದಲ್ಲಾಳಿಗಳ ಕಾಲ ಅಲ್ಲಿಗೆ ಮುಗಿಯಿತು. ಈ ಪಟ್ಟಿಯಲ್ಲಿ ಯಾರೂ ಮರುಗದ ಕಣ್ಮರೆ ಇದೊಂದೇ ಇರಬೇಕು.

ಚನ್ನರಾಯಪಟ್ಟಣದ ತೆಂಗಿಗೆ ಕಳೆದ ಶತಮಾನದ ಕೊನೆಯಲ್ಲಿ ನುಸಿ ಪೀಡೆ ತಗುಲಿತು. ಕಾಯಿ ಸಣ್ಣದಾಗಿ, ಕೊಬ್ಬರಿ ಇಳುವರಿ ಕುಸಿದು ಮಂಡಿಯವರು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ದರದ ಮುಂದೆ ಇನ್ನಷ್ಟು ಸಣ್ಣವರಾದರು.

ಟೆಂಟು ಮತ್ತು ಪೇಟೆಯ ಸಂಜೆ

ಖಾಯಂ ಚಿತ್ರಮಂದಿರ ಇಲ್ಲದ ಹೋಬಳಿ ಊರುಗಳಲ್ಲಿ ಟೂರಿಂಗ್ ಟಾಕೀಸ್ ಪರವಾನಗಿ ಪಡೆದು ಕೆಲ ತಿಂಗಳು ಬೀಡು ಬಿಡುತ್ತಿತ್ತು. ಡೇರೆ, ನೆಲಕ್ಕೆ ಮರಳು, ಹಿಂದೆ ಬೆಂಚು, ಇನ್ನೂ ಹಿಂದೆ ಕಬ್ಬಿಣದ ಕುರ್ಚಿ. ಒಂದೇ ಪ್ರೊಜೆಕ್ಟರ್ ಇರುತ್ತಿದ್ದುದರಿಂದ ಪ್ರತಿ ರೀಲಿಗೂ ವಿರಾಮ. ಆ ವಿರಾಮಗಳಲ್ಲೇ ಕಡಲೆಕಾಯಿ, ಸೋಡಾ, ಚಕ್ಕುಲಿ ಮಾರುವವರ ಬದುಕು. ಘಂಟಸಾಲ ಹಾಡಿದ 'ನಮೋ ವೆಂಕಟೇಶ' ರೆಕಾರ್ಡು ಕೇಳಿಸಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಎರಡು ಮೈಲಿ ದೂರದ ಹಳ್ಳಿಯವರು ದಾಪುಗಾಲು ಹಾಕುತ್ತಿದ್ದರು. ಹಗಲು ಗಾಡಿಯ ಮೇಲೆ ಪೋಸ್ಟರ್ ಕಟ್ಟಿ, ತಮಟೆ ಬಡಿದು, ಗುಲಾಬಿ ಬಣ್ಣದ ಕರಪತ್ರ ಎಸೆಯುವವನ ಹಿಂದೆ ಮಕ್ಕಳು. ವೃತ್ತಿನಾಟಕ ಕಂಪನಿಗಳ ಕ್ಯಾಂಪೂ ಹೀಗೇ: ನಟರಿಗೆ ಬಾಡಿಗೆ ಮನೆ, ಮೆಸ್ಸು, ದರ್ಜಿ, ಬಡಗಿ, ಗ್ಯಾಸ್‌ಲೈಟ್ ಬಾಡಿಗೆ. 1980ರ ದಶಕದಲ್ಲಿ ಟಿ.ವಿ., ಅದರ ಹಿಂದೆಯೇ ವಿಡಿಯೊ ಬಂದು ಟೆಂಟು ಮಡಚಿತು. ತಾಲ್ಲೂಕು ಕೇಂದ್ರದ ಖಾಯಂ ಟಾಕೀಸುಗಳು ಇನ್ನೊಂದು ತಲೆಮಾರು ನಡೆದು ಹಲವು ಕಡೆ ಕಲ್ಯಾಣ ಮಂಟಪವಾದವು.

ಗೋಲಿ ಸೋಡಾ ಫ್ಯಾಕ್ಟರಿ, ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಸೈಕಲ್ ಶಾಪ್, ರೇಡಿಯೊ ರಿಪೇರಿ, ಎಸ್.ಟಿ.ಡಿ. ಬೂತು, ಕೈಯಿಂದ ಅಚ್ಚುಮೊಳೆ ಜೋಡಿಸುವ ಪ್ರೆಸ್ಸು ಇವೆಲ್ಲ ಎಲ್ಲ ಪೇಟೆಯಲ್ಲೂ ಇದ್ದು ಎಲ್ಲ ಪೇಟೆಯಲ್ಲೂ ಹೋದವು. ಪ್ರೆಸ್ಸಿನದು ಸ್ವಲ್ಪ ವಿಶೇಷ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಚುನಾವಣೆಯ ಕರಪತ್ರ, ಮಂಡಿಯ ರಸೀತಿ ಪುಸ್ತಕ ಎಲ್ಲವೂ ಅಲ್ಲೇ ಅಚ್ಚಾಗುತ್ತಿದ್ದುದರಿಂದ ಊರಿನ ಸುದ್ದಿ ಮೊದಲು ತಿಳಿಯುವವನು ಕಂಪೋಸಿಟರ್. ಡಿ.ಟಿ.ಪಿ. ಬಂದಾಗ ಸೀಸದ ಮೊಳೆಗಳನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಿದರು.

ಕಚೇರಿಯ ಸುತ್ತ

1881ರ ಅಧಿಕಾರ ಹಸ್ತಾಂತರದ ನಂತರ ಮೈಸೂರು ಸರ್ಕಾರ ಖರ್ಚು ತಗ್ಗಿಸಲು 1882ರಲ್ಲಿ ಹಾಸನ ಜಿಲ್ಲೆಯನ್ನೇ ರದ್ದು ಮಾಡಿ, 1886ರಲ್ಲಿ ಮತ್ತೆ ಸ್ಥಾಪಿಸಿತು. ಜಿಲ್ಲಾ ಕಚೇರಿ ಎಂದರೆ ವಕೀಲರು, ಗುಮಾಸ್ತರು, ಸಾಕ್ಷಿ ಹೇಳಲು ಬಂದವರು, ಅವರಿಗೆಲ್ಲ ಊಟ ಹಾಕುವ ಹೋಟೆಲು. ಇಪ್ಪತ್ತನೇ ಶತಮಾನದುದ್ದಕ್ಕೂ ತಾಲ್ಲೂಕು ಕಚೇರಿಯ ಬೇವಿನ ಮರದಡಿ ಪತ್ರ ಬರಹಗಾರರು, ಛಾಪಾ ಕಾಗದದ ವೆಂಡರುಗಳು, ಅರ್ಜಿ ಬೆರಳಚ್ಚು ಮಾಡುವವರು ಕೂರುತ್ತಿದ್ದರು. ಬೆರಳಚ್ಚು ಕಲಿಸುವ ಇನ್‌ಸ್ಟಿಟ್ಯೂಟುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಬೆಳಗಿನ ಆರಕ್ಕೇ ಬ್ಯಾಚು ಹಿಡಿದು ಕೂರುತ್ತಿದ್ದರು. ಜೂನಿಯರ್, ಸೀನಿಯರ್ ಪಾಸಾದರೆ ಸರ್ಕಾರಿ ನೌಕರಿಯ ಬಾಗಿಲು ತೆರೆದಂತೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಕೈಬರಹದ ಪಹಣಿಯನ್ನು ಗಣಕಕ್ಕೆ ಹಾಕಿತು, ಅದರ ಬೆನ್ನಲ್ಲೇ 'ಕಾವೇರಿ' ಎಂಬ ಗಣಕ ನೋಂದಣಿ ಬಂತು, ನಕಲಿ ಛಾಪಾ ಕಾಗದದ ತೆಲಗಿ ಹಗರಣದ ನಂತರ ಛಾಪಾ ಕಾಗದವೇ ನಿಂತಿತು. ಪತ್ರ ಬರಹಗಾರರಲ್ಲಿ ಚುರುಕಾದವರು ಜೆರಾಕ್ಸ್, ಆನ್‌ಲೈನ್ ಸೇವೆಯ ಅಂಗಡಿ ತೆರೆದರು. ತಂತಿ ಕಚೇರಿಯ ಟಕಟಕವೂ 2013ರ ಜುಲೈನಲ್ಲಿ ನಿಂತುಹೋಯಿತು.

ಹೆದ್ದಾರಿ ತಪ್ಪಿಸಿದ ಪೇಟೆ

ಬೆಂಗಳೂರು–ಹಾಸನ ಹೆದ್ದಾರಿ ನಾಲ್ಕು ಪಥವಾದಾಗ ಚನ್ನರಾಯಪಟ್ಟಣಕ್ಕೆ ಬೈಪಾಸ್ ಬಂತು. ಅಲ್ಲಿಯವರೆಗೆ ಮಂಗಳೂರು, ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸೆಲ್ಲ ಪೇಟೆಯೊಳಗೆ ಬಂದು ಹೋಗುತ್ತಿದ್ದವು. ಬಸ್ಸು ನಿಂತ ಹತ್ತು ನಿಮಿಷದಲ್ಲಿ ಎಳನೀರು, ಸೌತೆಕಾಯಿ, ಮದ್ದೂರು ವಡೆಯ ಬುಟ್ಟಿಗಳು ಕಿಟಕಿಗೆ ಏರುತ್ತಿದ್ದವು. ಬುಟ್ಟಿ ಹೊರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಹುಡುಗರು. ಯಾವ ಲೈಸೆನ್ಸ್ ರಿಜಿಸ್ಟರಿನಲ್ಲೂ ಇಲ್ಲದ ಈ ವ್ಯಾಪಾರ ಎಷ್ಟು ಮನೆ ಸಾಕುತ್ತಿತ್ತೆಂದು ಯಾರೂ ಎಣಿಸಿಡಲಿಲ್ಲ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ನೇರ ರೈಲು ಓಡಿದಾಗ ಚನ್ನರಾಯಪಟ್ಟಣದ ಸ್ಟೇಷನ್ನಿಗೂ ಅಂತೂ ಬೆಂಗಳೂರಿನ ಗಾಡಿ ಬಂತು, ಹೊಳೆನರಸೀಪುರ ರೈಲು ಕಂಡ ಸುಮಾರು ನೂರು ವರ್ಷದ ಮೇಲೆ. ಈಗಿನ ಸ್ಟೇಷನ್ ಮಂಡಿಯನ್ನೋ ಜಟಕಾವನ್ನೋ ಹುಟ್ಟಿಸುವುದಿಲ್ಲ, ಆಟೊ ಸ್ಟ್ಯಾಂಡ್ ಒಂದನ್ನು ಬಿಟ್ಟು.

ತಂಗುವ ವ್ಯಾಪಾರ ಪೂರ್ತಿ ಸತ್ತಿಲ್ಲ, ಜಾಗ ಬದಲಿಸಿದೆ. ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ಆಶ್ವಯುಜದ ದಿನಗಳಲ್ಲಿ ಹಾಸನದ ಲಾಡ್ಜುಗಳಲ್ಲಿ ಕೋಣೆ ಸಿಗುವುದಿಲ್ಲ. ಹೆದ್ದಾರಿಯ ಉದ್ದಕ್ಕೂ ದೊಡ್ಡ ಪಾರ್ಕಿಂಗ್ ಇರುವ ಹೋಟೆಲುಗಳು ಎದ್ದಿವೆ. ಅವುಗಳಲ್ಲಿ ಕೆಲವನ್ನು ನಡೆಸುವವರು ಹೊರಗಿನಿಂದ ಬಂದು ಜಾಗ ಲೀಸಿಗೆ ಪಡೆದವರು. ಪೇಟೆಯ ಹಳೆಯ ಹೋಟೆಲಿನ ಭಟ್ಟರು, ಮಾಣಿಗಳು ಅಲ್ಲಿ ಸಂಬಳಕ್ಕೆ ಸೇರಿದ್ದಾರೆ.